ಬೆನ್ನ ಹಿಂದೆ ನಿಲ್ಲದ ನಾಯಕ

ಪೀಣ್ಯದ ಲೇತ್ ಶಾಪಿನಲ್ಲಿ ನನ್ನನ್ನ ಸೂಪರ್‌ವೈಸರ್ ಮಾಡಿ ಎರಡು ತಿಂಗಳಾದ ಮೇಲೆ ಕಂಪನಿಯವರು ಎರಡು ದಿನದ ಲೀಡರ್‌ಶಿಪ್ ಟ್ರೈನಿಂಗಿಗೆ ಕಳಿಸಿದರು. ನಿಮ್ಮ ತಪ್ಪನ್ನ ಕೆಲಸಗಾರರ ಬಾಯಲ್ಲೇ ಕೇಳಿ ಅಂತ ಟೈ ಕಟ್ಟಿದವನೊಬ್ಬ ಅಲ್ಲಿ ಹೇಳಿಕೊಟ್ಟ. ಹೊಸ ಹುರುಪಿನಲ್ಲಿ ಮರುದಿನವೇ ವಿಜಯಪುರದ ಬಸಣ್ಣನನ್ನ ಹಿಡಿದೆ. ಹದಿನೈದು ವರ್ಷದಿಂದ ಒಂದೇ ಮಷೀನ್ ನೋಡಿಕೊಂಡಿರೋ ಮನುಷ್ಯ.

“ಬಸಣ್ಣ, ನಾನು ಏನು ಸುಧಾರಿಸ್ಕೋಬೇಕು? ಸಂಕೋಚ ಬೇಡ, ಹೇಳಿ.”

ಬಸಣ್ಣ ಮಷೀನ್ ಆಫ್ ಮಾಡಿ ಕೈ ಒರೆಸಿಕೊಂಡರು. “ಸಿಟ್ಟಾಗಬ್ಯಾಡ್ರಿ ಸರ. ನೀವು ಬೆನ್ನ ಹಿಂದ ಬಂದು ನಿಂತ್ರ ನನ್ನ ಕೈ ನಡಗ್ತಾವ್ರಿ. ರಿಜೆಕ್ಟ್ ಆದ ಪೀಸ್ ಎಲ್ಲಾ ಆವಾಗ ಮಾಡಿದ್ವೇ.”

“ಮತ್ತೆ ನಾನೆಲ್ಲಿ ನಿಲ್ಲಲಿ?”

“ಕ್ಯಾಂಟೀನ್‌ನ್ಯಾಗ ಫ್ಯಾನ್ ಚಲೋ ಐತ್ರಿ.”

ಮೈಯೆಲ್ಲಾ ಉರಿದುಹೋಯ್ತು. ನಾನಿಲ್ಲದೆ ಹೇಗೆ ನಡೆಸ್ತಾರೋ ನೋಡೇಬಿಡೋಣ ಅಂತ ಹಟಕ್ಕೆ ಬಿದ್ದು ಒಂದು ತಿಂಗಳು ಕ್ಯಾಂಟೀನಿನಲ್ಲೇ ಕೂತೆ. ರಿಜೆಕ್ಷನ್ ಅರ್ಧಕ್ಕಿಳಿಯಿತು. ಮ್ಯಾನೇಜರ್ ಎಲ್ಲರೆದುರು ನನಗೆ ಶಾಲು ಹೊದಿಸಿ ನನ್ನ ನಾಯಕತ್ವವನ್ನ ಹೊಗಳಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಬಸಣ್ಣ.

ಈಗ ಮೂರು ಶಾಪ್ ನನ್ನ ಕೈಕೆಳಗಿವೆ. ಒಂದೇ ಹೊತ್ತಿಗೆ ಮೂರು ಕಡೆ ನಿಲ್ಲದೇ ಇರೋದು ಹೇಗೆ ಅಂತ ಕಲೀತಾ ಇದೀನಿ.