ಕತ್ತಿ ಒದರಿದ ಕಥೆ

ಧಾರವಾಡದ ಡಾಕ್ಟರೊಬ್ಬರು ಕತ್ತೆಗೆ ಹೆದರಿ ಕುರ್ಚಿಯಿಂದ ಎದ್ದು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕತ್ತೆ ಮಾತ್ರ ಆಗ ರಾಮದುರ್ಗದಲ್ಲಿತ್ತು!

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ರಾಮದುರ್ಗದಲ್ಲಿ ನಮ್ಮ ಅಕ್ಕನ ಮನೆ. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತೇನೆ. ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಮನುಷ್ಯ. ಕೆಲವು ವರ್ಷಗಳಿಂದ ಅವರ ಕಿವಿಯಲ್ಲಿ ಯಾರೋ ಬೈಯುತ್ತಾರೆ. ನಮಗೆ ಕೇಳುವುದಿಲ್ಲ, ಅವರಿಗೆ ಮಾತ್ರ. ಆ ಬೈಗುಳ ಕೇಳಿಸದಿರಲಿ ಎಂದು ಸೆರೆ ಕುಡಿಯತೊಡಗಿದರು. ಅಂಗಡಿ ಮುಚ್ಚಿತು. (ಓಣಿಯವರ ಬಾಯಿ ಮುಚ್ಚಲಿಲ್ಲ.) ಧಾರವಾಡದಿಂದ ತಂದ ಗುಳಿಗೆಗಳನ್ನು ಒಂದು ದಿನ ನುಂಗಿದರೆ ಮರುದಿನ ಹಿತ್ತಲಿಗೆ ಎಸೆಯುವರು.

ಆಮೇಲೆ ಬಂತು ಕತ್ತೆ. ಮಲಪ್ರಭೆಯ ದಂಡೆಯಲ್ಲಿ ಯಾರೋ ಬಿಟ್ಟುಹೋದ ಕುಂಟು ಕತ್ತೆ. ಮಾಮಾ ಅದನ್ನು ಮನೆಗೆ ಹೊಡೆದುಕೊಂಡು ಬಂದರು. ಕಾಲಿಗೆ ಎಣ್ಣೆ-ಅರಿಷಿಣ ಹಚ್ಚಿದರು. ದಿನಾ ಅದರ ಕಿವಿಯಲ್ಲಿ ಗುಸುಗುಸು. ಮುಂಜಾನೆ ಅದಕ್ಕೊಂದು ಬೆಲ್ಲದ ಚೂರು, ತಮಗೊಂದು ಗುಳಿಗೆ. ಸೆರೆ ಅಂಗಡಿಯ ಹಾದಿಯನ್ನೇ ಮರೆತರು! ಇದು ಗುಳಿಗೆಯ ಗುಣವೋ, ಕತ್ತೆಯ ಗುಣವೋ? ನನಗಂತೂ ತಿಳಿಯಲಿಲ್ಲ.

ಅಕ್ಕನಿಗೂ ತಿಳಿಯಲಿಲ್ಲ. "ಹುಚ್ಚಗ ಕತ್ತಿ ಜೋಡಿ ಆತು" ಎಂದು ಓಣಿಯವರು ನಕ್ಕಾಗ ಅವಳಿಗೆ ತಲೆ ಎತ್ತಲಾಗಲಿಲ್ಲ. ಡಾಕ್ಟರನ್ನೇ ಕೇಳಿಬಿಡೋಣ ಎಂದು ಮಾಮಾನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟಳು. ನಾನಿರುವುದು ನಡುದಾರಿಯ ಸವದತ್ತಿಯಲ್ಲಿ, ಅಲ್ಲಿ ನಾನೂ ಅದೇ ಬಸ್ಸು ಹತ್ತಿದೆ.

ಡಾಕ್ಟರು ಹೊಸಬರು, ಮೈಸೂರು ಕಡೆಯವರು. ಅಕ್ಕ ಶುರು ಮಾಡಿದಳು: "ಇವರು ದಿನಾ ಕತ್ತಿ ಜೋಡಿ ಮಾತಾಡ್ತಾರ್ರಿ ಸಾಹೇಬ್ರ. ರಾತ್ರಿ ಅದರ ಬಾಜೂಕನ ಮಲಗತಾರ."

ಡಾಕ್ಟರ ಪೆನ್ನು ನಿಂತಿತು. "ಕತ್ತಿನಾ? ಎಷ್ಟು ದೊಡ್ಡದು?"

ಅಕ್ಕ ಸೊಂಟದ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು. ಡಾಕ್ಟರು ಎದ್ದು ನಿಂತರು.

"ಅಂಥಾದ್ದನ್ನ ಇನ್ನೂ ಮನೇಲಿಟ್ಕೊಂಡಿದ್ದೀರಾ? ಮೊದಲು ಊರಾಚೆ ಸಾಗಿಸಿ! ಇವರ ಕಣ್ಣಿಗೂ ಬೀಳಬಾರದು!"

ಮಾಮಾ ಬಾಯಿ ತೆರೆದರು. "ಸಾಹೇಬ್ರ, ಅದು..."

"ನೀವು ಸುಮ್ಮ ಕುಂದರ್ರಿ" ಎಂದಳು ಅಕ್ಕ. ನಾನೂ ಅವರ ಭುಜ ಒತ್ತಿ ಕೂರಿಸಿದೆ. ಶಾಣ್ಯಾ ಮಂದಿ ಮಾತಾಡುವಾಗ ರೋಗಿ ನಡುವೆ ಬಾಯಿ ಹಾಕಬಾರದಲ್ಲ!

ಕತ್ತೆ ತೊರಗಲ್ಲಿನ ಅಗಸರ ಮನೆಗೆ ಹೋಯಿತು. ಗುಳಿಗೆ ಹಿತ್ತಲಿಗೆ ಹೋಯಿತು. ಮಾಮಾ ಸೆರೆ ಅಂಗಡಿಗೆ ಹೋದರು. ಒಂದು ಸಂಜೆ ಕುಡಿದು ಎಚ್ಚರ ತಪ್ಪಿದ್ದ ಅವರನ್ನು ಓಣಿಯವರು ಹೊಳೆಯ ದಂಡೆಯಿಂದ ಹೊತ್ತುಕೊಂಡು ತಂದರು. ಅಕ್ಕ ಅತ್ತದ್ದನ್ನು ನೋಡಿ ನನಗೂ ಅಳು ಬಂತು. ಡಾಕ್ಟರು ಹೇಳಿದಂತೆಯೇ ಮಾಡಿದೆವಲ್ಲ, ತಪ್ಪಿದ್ದೆಲ್ಲಿ?

ಕಳೆದ ವಾರ ಮತ್ತೆ ಧಾರವಾಡ. ಮಾಮಾ ಬರುವ ಸ್ಥಿತಿಯಲ್ಲಿರಲಿಲ್ಲ, ನಾವಿಬ್ಬರೇ ಹೋದೆವು.

"ಕತ್ತಿ ಸಾಗಿಸಿದ್ರಾ?" ಡಾಕ್ಟರು ಕೇಳಿದ ಮೊದಲ ಮಾತೇ ಇದು.

"ಸಾಗಿಸೇವ್ರಿ. ಪಾಪ, ಹೋಗೂಮುಂದ ಭಾಳ ಒದರಿತ್ರಿ" ಎಂದಳು ಅಕ್ಕ.

"ಒದರಿತು ಅಂದ್ರೆ? ಕೂಗ್ತಾ? ಕತ್ತಿ ಕೂಗ್ತಾ?"

"ಹೌದ್ರಿ. ಹಾದಿ ತುಂಬ ಕೂಗಿತು. ಕರಕೊಂಡ ಹೋದಾವಗ ಒದ್ದೂ ಬಿಡ್ತು."

ಡಾಕ್ಟರು ಅಕ್ಕನನ್ನೇ ರೋಗಿಯಂತೆ ನೋಡತೊಡಗಿದರು. ಆಗ ನನಗೆ ಹೊಳೆಯಿತು. ನಮ್ಮ ಕತ್ತಿ ಅಂದರೆ ಅವರ ಕತ್ತೆ. ಅವರ ಕತ್ತಿ ಅಂದರೆ ನಮ್ಮ ತಲವಾರ! ರಾಜ್ಯಕ್ಕೆಲ್ಲ ಕರ್ನಾಟಕ ಎಂಬ ಹೆಸರು ಬಂತೆಂದು ನಾವು ಪೇಢೆ ಹಂಚಿದ್ದೇನೋ ಸರಿ. (ಕತ್ತೆಗೂ ಒಂದೇ ಹೆಸರಿಡುವುದು ಬಾಕಿ ಉಳಿದಿತ್ತು ನೋಡಿ.)

ನಾನು ವಿಷಯ ಬಿಡಿಸಿ ಹೇಳಿದೆ. ಡಾಕ್ಟರು ನಗಲಿಲ್ಲ. ಹಣೆ ಒತ್ತಿಕೊಂಡು ಕೂತರು.

"ಕತ್ತೆಯಿಂದ ಈ ಕಾಯಿಲೆ ವಾಸಿ ಆಗುತ್ತೆ ಅಂತ ನಾನು ಎಲ್ಲೂ ಓದಿಲ್ಲ. ಆದರೆ ಅದಿದ್ದಾಗ ಮಾತ್ರೆ ತಗೋತಿದ್ರು, ಕುಡೀತಿರಲಿಲ್ಲ ಅಂತೀರಿ. ವಾಪಸ್ ಕರ್ಕೊಂಡು ಬನ್ನಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ."

ಪಾಪ, ಅವರೂ ನನ್ನಷ್ಟೇ ಗೊಂದಲದಲ್ಲಿದ್ದರು.

ತೊರಗಲ್ಲಿನಿಂದ ಕತ್ತೆಯನ್ನು ನಾನೇ ಹೊಡೆದುಕೊಂಡು ಬಂದೆ. (ನನಗೂ ಒಂದು ಒದೆ ಬಿತ್ತು.) ಮಾಮಾ ಅದರ ಕೊರಳಿಗೆ ಕೈ ಹಾಕಿ ಬಹಳ ಹೊತ್ತು ನಿಂತರು. ನಾನು ಉತ್ಸಾಹದಿಂದ ಡಾಕ್ಟರ ತಲವಾರದ ಕಥೆ ತೆಗೆದೆ.

"ನನಗ ಅವತ್ತ ತಿಳಿದಿತ್ತು" ಎಂದರು ಮಾಮಾ.

"ಮತ್ತ ಹೇಳಬಾರದೇನ್ರಿ ಮಾಮಾ?"

"ಹೇಳಾಕಂತನ ಬಾಯಿ ತಗದ್ನಿ. ಸುಮ್ಮ ಕುಂದರ್ರಿ ಅಂದ್ರಿ. ಕುಂತ್ನಿ."

ಅಷ್ಟು ಹೇಳಿ ಕತ್ತೆಯ ಕಿವಿಗೆ ಬಾಯಿ ಹಚ್ಚಿ ಏನೋ ಮಾತಾಡಲು ಶುರು ಮಾಡಿದರು. ಅದು ಅಲುಗಾಡದೆ ನಿಂತು ಕೇಳುತ್ತಿತ್ತು. ಮರುದಿನ ಮುಂಜಾನೆ ಅದಕ್ಕೆ ಬೆಲ್ಲ ಕೊಟ್ಟು, ತಾವು ಗುಳಿಗೆ ನುಂಗಿದರು. ಗುಣ ಯಾವುದರದ್ದೋ, ನನಗೆ ಈಗಲೂ ಗೊತ್ತಿಲ್ಲ.

ಅಲ್ಲ ಸ್ವಾಮಿ, ಇಷ್ಟು ಜನರಿರುವ ನಮ್ಮ ಮನೆಯಲ್ಲಿ ಕೇಳುವ ಕಿವಿ ಇದ್ದದ್ದು ಕತ್ತೆಗೆ ಮಾತ್ರವೇ?