ಸಣ್ಣ ದನಿಗೆ ಮೊದಲ ಸರದಿ

ಅರವತ್ತರ ದಶಕದಲ್ಲಿ ಲೈಸೆನ್ಸ್ ಪಡೆದು ಮನೆಯಿಂದಲೇ ವೈರ್‌ಲೆಸ್‌ನಲ್ಲಿ ಮಾತಾಡುವ ಹುಚ್ಚು ನಮ್ಮ ಆರು ಜನಕ್ಕೆ ಹಿಡಿದಿತ್ತು. ನಾನು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನವನು. ನಾವು ಮಾಡಿದ ಪೆದ್ದತನ ಕೇಳಿ: ಯಾವ ಅಲೆಯ ಮೇಲೆ ಮಾತಾಡಬೇಕೆಂದು ಗೊತ್ತುಮಾಡುವ ಕ್ರಿಸ್ಟಲನ್ನು ಆರೂ ಜನ ಒಂದೇ ಗುಜರಿ ಅಂಗಡಿಯಲ್ಲಿ, ಯುದ್ಧಕಾಲದ ಸಾಮಾನಿನ ಒಂದೇ ಡಬ್ಬಿಯಿಂದ ಆರಿಸಿ ತಂದಿದ್ದೆವು. ಆರಕ್ಕೂ ಒಂದೇ ಅಲೆ! ಒಬ್ಬ ಬಾಯಿ ತೆರೆದರೆ ಉಳಿದವರು ಮುಚ್ಚಬೇಕು. ಮುಚ್ಚುವವರು ಯಾರು? ನಾನಂತೂ ಅಲ್ಲ. ನನ್ನ ಸೆಟ್ಟೇ ಎಲ್ಲಕ್ಕಿಂತ ಜೋರು, ಆ ಜಂಬ ಬೇರೆ.

ನಮ್ಮಲ್ಲೊಬ್ಬರು ಹೆಸರಘಟ್ಟದ ಮೇಷ್ಟ್ರು. ಕ್ರಿಸ್ಟಲ್ ಕೊಂಡ ಮೇಲೆ ಅವರ ದನಿಯೇ ಕೇಳಿರಲಿಲ್ಲ. ಸೆಟ್ ಕೆಟ್ಟಿರಬೇಕು, ಸರಿಮಾಡಿಕೊಡೋಣ ಎಂದು ಒಂದು ಭಾನುವಾರ ಬೆಳಿಗ್ಗೆ ಸೈಕಲ್ ತುಳಿದೆ. ಏರಿಯಲ್ ತಂತಿ ಕಟ್ಟಿದ್ದ ಸರ್ವೆ ಮರದ ಕಂಬವನ್ನು ಅವರ ತಂದೆ ಅಲ್ಲಾಡಿಸಿ ನೋಡುತ್ತಿದ್ದರು.

"ಆರು ತಿಂಗ್ಳಾಯ್ತು, ಒಬ್ರೂ ಇವನ್ನ ಮಾತಾಡ್ಸಿಲ್ಲ ಕಣಪ್ಪ. ಬರೋ ಭಾನುವಾರಾನೂ ಇಂಗೇ ಆದ್ರೆ ಕಿತ್ತು ಕೊಟ್ಟಿಗೆಗೆ ಆಕ್ತೀನಿ."

ಸೆಟ್ ಕೆಟ್ಟಿರಲಿಲ್ಲ. ಬ್ಯಾಟರಿ ಸೆಟ್ಟು, ಶಕ್ತಿ ಕಡಿಮೆ, ಅಷ್ಟೇ. ಮೇಷ್ಟ್ರು ಕರೆದು ಕರೆದು, ಸ್ವಿಚ್ ತಿರುಗಿಸಿ ಉತ್ತರಕ್ಕೆ ಕಾದರೆ, ನಮ್ಮ ಆರರಲ್ಲೇ ಒಬ್ಬ, ಯಲಹಂಕದ ಗೆಳೆಯ, ಅದೇ ಅಲೆಯ ಮೇಲೆ ಇನ್ಯಾರಿಗೋ ಕಾಫಿಪುಡಿ ವಿಷಯ ಕೊಚ್ಚುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಏನ್ರೀ ಇವ್ನು, ಸಂತೇಲಿ ಕೂಗ್ದಂಗೆ ಕೂಗ್ತಾನೆ!" ಎಂದೆ.

"ನೀವು ಇದಕ್ಕಿಂತ ಜೋರು ಸಾರ್" ಎಂದು ಮೇಷ್ಟ್ರು ನಕ್ಕರು.

ಥೂ, ಎಂಥ ನಾಚಿಕೆ! ಆ ವಾರವೆಲ್ಲ ಡ್ಯೂಟಿ ಮುಗಿಸಿ ಗೆಳೆಯರ ಮನೆಮನೆ ಸುತ್ತಿ ಒಂದು ಕಟ್ಟಳೆ ಒಪ್ಪಿಸಿದೆ: ಸಣ್ಣ ದನಿಯವರಿಗೆ ಮೊದಲ ಸರದಿ, ಜೋರಿನವರು ಕಡೆಗೆ. ಒಬ್ಬರು ಮುಗಿಸಿದ ಮೇಲೆ ಐದು ಎಣಿಸುವ ತನಕ ಇನ್ನೊಬ್ಬರು ಶುರುಮಾಡಬಾರದು.

"ನೀನು ಬಾಯ್ಮುಚ್ಕೊಂಡ್ ಕೂತ್ಕೋತೀಯೇನೋ ಗುರು?" ಎಂದು ಯಲಹಂಕದವನು ಗೇಲಿ ಮಾಡಿದ.

"ಎಲ್ರಿಗಿಂತ ಕಡೇಲಿ ನಾನೇ ಕಣೋ" ಎಂದೆ.

ಭಾನುವಾರ ಬಂತು. ಮೈಕಿನ ಕಡೆ ಹೋಗುವ ಕೈಯನ್ನು ತೊಡೆಯಡಿ ಒತ್ತಿಕೊಂಡು ಕೂತೆ. ಕಾಫಿ ತಂದ ಹೆಂಡತಿ, "ಏನ್ರೀ, ಸೆಟ್ ಕೆಟ್ಟೋಯ್ತಾ?" ಎಂದಳು. ಅಷ್ಟರಲ್ಲಿ ಮೇಷ್ಟ್ರ ದನಿ ಕೇಳಿತು. ಸಣ್ಣಗಿತ್ತು, ಆದರೆ ಒಂದಕ್ಷರವೂ ತಪ್ಪಲಿಲ್ಲ. ಸರದಿಯಂತೆ ನಾಲ್ವರು ಉತ್ತರ ಕೊಟ್ಟರು. ಕಡೆಗೆ ನಾನು, "ಮೇಷ್ಟ್ರೇ, ನಿಮ್ ದನಿ ಗಂಟೆ ಹೊಡ್ದಂಗೆ ಕೇಳ್ತಿದೆ!" ಎಂದೆ.

ಗೆದ್ದೆವು! ಐದು ಎಣಿಸಿದೆ. ಮರುಮಾತಿಗೆ ಮೇಷ್ಟ್ರು ಮೈಕು ತೆರೆದರು. ಅವರಿಗಿಂತ ಮೊದಲು, ಹಿಂದಿನಿಂದ ಅವರ ತಂದೆಯ ಕೂಗು ನಮ್ಮ ಐದೂ ಮನೆಗಳಿಗೆ ಕೇಳಿಸಿತು:

"ಲೇ, ಆ ಕಂಬ ಅಲ್ಲಾಡ್ತೈತೆ, ಬುಡಕ್ಕೆ ಕಲ್ಲು ಆಕ್ರೋ!"