ಆಕಾಶದಲ್ಲಿ ಹೆಣೆದ ತೋಳು

“ಒಂದು ತೋಳು ಬ್ಯಾಂಕಾಕಿಗೆ ಹೋಗ್ತಾ, ಇನ್ನೊಂದು ಬತ್ತಾ. ಎರಡೂ ವಿಮಾನದಲ್ಲೇ ಹೆಣೆದಿದ್ದು ಕಣ್ರೀ!” ತರೀಕೆರೆಯಲ್ಲಿ ಅಕ್ಕನ ಮಗುವಿನ ನಾಮಕರಣಕ್ಕೆ ತಂದ ಪುಟ್ಟ ಸ್ವೆಟರನ್ನು ಎತ್ತಿ ಹಿಡಿದು ಅಜ್ಜಂಪುರದ ಸರೋಜತ್ತೆ ಹೇಳುತ್ತಿದ್ದರು. ಎಲ್ಲರೂ ನಂಬಿದರು. ನಾನು ನಂಬಲಿಲ್ಲ.

ಅತ್ತೆಯ ಟಿಕೆಟ್ ಇಸಿದುಕೊಂಡು ನೋಡಿದೆ. ಬೆಂಗಳೂರು ಬಿಟ್ಟ ಹೊತ್ತಿಗೂ ಬ್ಯಾಂಕಾಕ್ ತಲುಪಿದ ಹೊತ್ತಿಗೂ ಐದೂವರೆ ಗಂಟೆ ಅಂತರ. ಬರುವಾಗ ಬರೀ ಎರಡೂವರೆ. ಹಾಗಿದ್ದರೆ ತೋಳುಗಳೆರಡೂ ಸಮ ಹೇಗಾದವು? ಒಂದನ್ನು ಹೋಟೆಲಿನಲ್ಲೇ ಕೂತು ಹೆಣೆದಿದ್ದಾರೆ, ಹೇಳುತ್ತಿರುವುದು ಸುಳ್ಳು ಎಂದು ಎಲ್ಲರೆದುರು ವಾದಿಸಿಬಿಟ್ಟೆ. ಅತ್ತೆಯ ಮುಖ ಸಣ್ಣದಾಯಿತು.

“ಲೇ, ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ ಕಣೇ. ಹೋಗ್ತಾ ಕಳಿ, ಬತ್ತಾ ಕೂಡ್ಸು,” ಎಂದರು ಕಡೂರಿನ ಮಾವ.

ಕಳೆದೆ, ಕೂಡಿಸಿದೆ. ಎರಡೂ ಸಲ ನಾಲ್ಕೇ ಗಂಟೆ! ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಅತ್ತೆ ಎರಡೂ ತೋಳುಗಳನ್ನು ಜೋಡಿಸಿ ನನ್ನ ಮೂಗಿನ ಮುಂದೆ ಹಿಡಿದು, “ಚರ್ಚಾ ಸ್ಪರ್ಧೇಲಿ ಅದೆಷ್ಟು ಕಪ್ ಗೆದ್ದಿದ್ದೀಯೇ ನೀನು?” ಎಂದು ಎಲ್ಲರಿಗಿಂತ ಜೋರಾಗಿ ನಕ್ಕರು.

ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ, ಈ ಪತ್ರಿಕೆಯಲ್ಲೇ, ಖುಷಿಯಿಂದ ಸೋಲೊಪ್ಪುತ್ತಿದ್ದೇನೆ. ಆದರೂ ಅತ್ತೆ, ನೀವು ಊರು ನೋಡಲು ಹೋದವರಲ್ಲವೇ? ಆ ಸ್ವೆಟರಿನ ಎದೆ, ಬೆನ್ನು ಎಲ್ಲಿ ಕೂತು ಹೆಣೆದಿರಿ?